ಗಾಡಿಯ ಹೊಟ್ಟೆಯ ಕೆಳಗೆ ಮಲಗಿ ನೋಡಿದ್ದು

ಕಳೆದ ಡಿಸೆಂಬರಿನಿಂದ ಫೆಬ್ರವರಿಯವರೆಗೆ ನನ್ನ ಭಾನುವಾರಗಳು ಬಹುತೇಕ ಅಪರಿಚಿತರ ಗಾಡಿಗಳ ಕೆಳಗೆ ಕಳೆದವು. ಹಳೆಯ ಗೋಣಿಚೀಲವೊಂದನ್ನು ಹಾಸಿಕೊಂಡು, ಕೈಯಲ್ಲಿ ಟಾರ್ಚು ಹಿಡಿದು, ಅಂಗಾತ ಮಲಗಿ ಒಳಕ್ಕೆ ಸರಿಯುವುದು; ಅರ್ಧ ಗಂಟೆಯ ಮೇಲೆ ತಲೆಗೆ ಮಣ್ಣು, ಅಂಗಿಗೆ ಗ್ರೀಸು ಮೆತ್ತಿಕೊಂಡು ಹೊರಗೆ ಬರುವುದು. ಪುಣೆಯ ಮಗ್ಗುಲಿನ ನಿಗಡಿಯಲ್ಲಿ ಮನೆ, ಚಾಕಣದಲ್ಲಿ ನೌಕರಿ, ಆದರೆ ಊರು ಮಾತ್ರ ಖಾನಾಪುರ ತಾಲ್ಲೂಕಿನ ಕಣಕುಂಬಿಯ ಆಚೆಗಿನ ಒಂದು ಸಣ್ಣ ಹಳ್ಳಿ. ಮಲಪ್ರಭೆ ಹುಟ್ಟುವ ಆ ಸೀಮೆಯಲ್ಲಿ ಮಳೆಗಾಲವೆಂದರೆ ಏನೆಂಬುದು ಅಲ್ಲಿ ಒಂದು ಆಷಾಢ ಕಳೆದವರಿಗೇ ಗೊತ್ತು. ಪುಣೆಯಿಂದ ಬೆಳಗಾವಿಯವರೆಗೆ ಹೆದ್ದಾರಿ, ಅಲ್ಲಿಂದ ಜಾಂಬೋಟಿಯ ಮೇಲೆ ಹಾಯುವ ಕಾಡಿನ ಡಾಂಬರು ರಸ್ತೆ, ಎಲ್ಲ ಸೇರಿ ನಾನೂರು ಕಿಲೋಮೀಟರಿಗೆ ತುಸು ಕಡಿಮೆ. ಅಷ್ಟನ್ನು ಯಾವ ಸಣ್ಣ ಕಾರಾದರೂ ಓಡುತ್ತದೆ. ಕೊನೆಯ ಮೂರು ಕಿಲೋಮೀಟರು ಕೆಂಪು ಜೇಡಿಮಣ್ಣು, ನಡುವೆ ಒಂದು ಹಳ್ಳ. ಎರಡು ವರ್ಷದ ಹಿಂದೆ ಅವ್ವನಿಗೆ ಜ್ವರ ಬಂದಾಗ ಕಾರನ್ನು ಹಳ್ಳದ ಈಚೆಗೇ ನಿಲ್ಲಿಸಿ, ಪ್ಯಾಂಟು ಮಡಚಿ ನಡೆದುಹೋಗಿ, ಅವಳನ್ನು ನೆರೆಮನೆಯವರ ಟ್ರ್ಯಾಕ್ಟರಿನಲ್ಲಿ ಕೂರಿಸಿ ತರಬೇಕಾಯಿತು. ನಾಲ್ಕೂ ಚಕ್ರಕ್ಕೆ ಎಳೆತವಿರುವ ಗಾಡಿಯನ್ನು ಕೊಳ್ಳಬೇಕೆಂಬ ನಿರ್ಧಾರ ಆ ಟ್ರೇಲರಿನಲ್ಲಿ ಕೊಡೆ ಹಿಡಿದು ಕುಳಿತಾಗಲೇ ಆಗಿತ್ತು.

ನಾನು ಕೆಲಸ ಮಾಡುವುದು ವಾಹನದ ಬಿಡಿಭಾಗ ತಯಾರಿಸುವ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ. ಅಲ್ಲಿ ವಿಶ್ವಾಸಾರ್ಹತೆ ಎಂಬ ಶಬ್ದವನ್ನು ಒಂಟಿಯಾಗಿ ಬಳಸಿದರೆ ಯಾರೂ ಉತ್ತರ ಕೊಡುವುದಿಲ್ಲ. ಎಷ್ಟು ಭಾರದಲ್ಲಿ, ಎಂಥ ವಾತಾವರಣದಲ್ಲಿ, ಎಷ್ಟು ಕಾಲದವರೆಗೆ, ನೂರರಲ್ಲಿ ಎಷ್ಟು ಎಂದು ಕೇಳುತ್ತಾರೆ. ಬೇರಿಂಗಿನವರು ಬಿ-10 ಆಯುಷ್ಯ ಎನ್ನುತ್ತಾರೆ. ಒಂದು ರಾಶಿಯ ನೂರು ಬೇರಿಂಗುಗಳಲ್ಲಿ ಹತ್ತು ಕೆಡುವ ಹೊತ್ತಿಗೆ ಆದ ಓಟ ಎಂದು ಅದರ ಅರ್ಥ. ಉಳಿದ ತೊಂಬತ್ತು ಆಮೇಲೆ ಎಷ್ಟು ಓಡುತ್ತವೆಂದು ಅದು ಹೇಳುವುದಿಲ್ಲ, ನಿಮಗೆ ಬಂದದ್ದು ಆ ಹತ್ತರಲ್ಲಿ ಒಂದೋ ಅಲ್ಲವೋ ಎಂದೂ ಹೇಳುವುದಿಲ್ಲ. ಹಾಗಾಗಿ ‘ಈ ಗಾಡಿ ನಂಬಬಹುದೇ?’ ಎಂದು ಸ್ನೇಹಿತರನ್ನು ಕೇಳುವುದಕ್ಕೆ ಮೊದಲು ನನ್ನ ಪ್ರಶ್ನೆಯನ್ನೇ ಪೂರ್ತಿ ಮಾಡಿಕೊಂಡೆ. ವರ್ಷದ ಹೆಚ್ಚಿನ ದಿನ ನಿಗಡಿ–ಚಾಕಣದ ಟ್ರಾಫಿಕ್ಕಿನಲ್ಲಿ ತೆವಳಬೇಕು. ವರ್ಷಕ್ಕೆ ನಾಲ್ಕೈದು ಬಾರಿ, ಅದರಲ್ಲಿ ಎರಡು ಬಾರಿ ಜಡಿಮಳೆಯಲ್ಲಿ, ಊರಿಗೆ ಹೋಗಿಬರಬೇಕು. ಹೀಗೆ ಆರೇಳು ವರ್ಷ ನಡೆಯಬೇಕು. ಕೆಟ್ಟರೆ ಹಳ್ಳದ ಆಚೆ ಕೆಡಬಾರದು. ಗುಡ್ಡ ಹತ್ತುವ ಸ್ಪರ್ಧೆಗೆ ಹೋಗುವವನ ಪ್ರಶ್ನೆ ಬೇರೆಯಾಗಿರುತ್ತದೆ, ಅವನಿಗೆ ಸಿಗುವ ಉತ್ತರವೂ ಬೇರೆಯೇ.

ಹೊಸ ಗಾಡಿಯನ್ನೇ ಕೊಂಡರೆ ಹೇಗೆ ಎಂದು ಮೊದಲು ಯೋಚಿಸಿದ್ದುಂಟು. ನಮ್ಮ ಬಜೆಟ್ಟಿನ ಆಸುಪಾಸಿನಲ್ಲಿ ಮಹೀಂದ್ರಾದ ಥಾರ್, ಮಾರುತಿಯ ಜಿಮ್ನಿ, ಫೋರ್ಸ್ ಕಂಪನಿಯ ಗುರ್ಖಾ ಮೂರೇ ಹೆಸರು. ಕಂಪನಿಯ ಹೊತ್ತಗೆಯಲ್ಲಿ ಥಾರ್ 650 ಮಿಲಿಮೀಟರ್ ನೀರಿನಲ್ಲಿ ಹಾಯುತ್ತದೆ, ಗುರ್ಖಾ 700 ಮಿಲಿಮೀಟರಿನಲ್ಲಿ ಹಾಯುತ್ತದೆ, ಜಿಮ್ನಿಯ ಹೊಟ್ಟೆ ನೆಲದಿಂದ 210 ಮಿಲಿಮೀಟರ್ ಮೇಲಿದೆ ಎಂದೆಲ್ಲ ಬರೆದಿರುತ್ತದೆ. ಇವೆಲ್ಲ ಸಾಮರ್ಥ್ಯದ ಅಂಕಿಗಳು. ಮೊಣಕಾಲು ಮುಳುಗುವ ನೀರಿಗೆ ಇಳಿದ ಗಾಡಿ ಆಚೆ ದಡಕ್ಕೆ ಏರುತ್ತದೆ ಎಂಬುದನ್ನು ಅವು ತಿಳಿಸುತ್ತವೆ. ಐವತ್ತು ಸಲ ಹಾಗೆ ಹಾಯ್ದ ಮೇಲೆ ಚಕ್ರದ ಬೇರಿಂಗಿನ ಗತಿ ಏನಾಗಿರುತ್ತದೆ ಎಂಬುದಕ್ಕೆ ಹೊತ್ತಗೆಯಲ್ಲಿ ಜಾಗವಿಲ್ಲ.

ಹೊಸ ಗಾಡಿಯಲ್ಲಿ ನೋಡಬೇಕಾದದ್ದು ಅದರ ಎಂಜಿನ್ನಿನ ಮನೆತನ ಎಂಬುದು ನನ್ನ ಅಭಿಪ್ರಾಯ. ಹೆಣ್ಣು ಕೊಡುವವರು ಹುಡುಗನ ಸಂಬಳಕ್ಕಿಂತ ಮೊದಲು ಮನೆಯವರನ್ನು ವಿಚಾರಿಸುವುದಿಲ್ಲವೇ, ಹಾಗೆ. ಗುರ್ಖಾದ 2.6 ಲೀಟರಿನ ಡೀಸೆಲ್ ಎಂಜಿನ್ನು ಮರ್ಸಿಡಿಸ್ ಮೂಲದ್ದು, ಅದರ ಬಂಧುವೇ ಅದೇ ಕಂಪನಿಯ ಟ್ರಾವೆಲರ್ ವ್ಯಾನಿನಲ್ಲಿ ಯಾತ್ರಿಕರನ್ನೂ ಮದುವೆಯ ದಿಬ್ಬಣವನ್ನೂ ಹೊತ್ತು ತಿರುಗುತ್ತಿದೆ. ಜಿಮ್ನಿ 2023ರ ಜೂನಿನಲ್ಲಿ ಮಾರುಕಟ್ಟೆಗೆ ಬಂದಾಗ ಹೊಸ ಮಾದರಿಯೆನಿಸಿದರೂ ಅದರ ಒಂದೂವರೆ ಲೀಟರಿನ ಪೆಟ್ರೋಲ್ ಎಂಜಿನ್ನು 2018ರಿಂದಲೇ ಅದೇ ಕಂಪನಿಯ ಸಿಯಾಜ್, ಎರ್ಟಿಗಾ ಕಾರುಗಳಲ್ಲಿ ದುಡಿದಿತ್ತು. ಇಂಥ ಎಂಜಿನ್ನಿನ ಒಳಗೊಂದು ಹುಳುಕಿದ್ದರೆ ಅದು ಬೇರೆಯವರ ಖರ್ಚಿನಲ್ಲಿ ಈಗಾಗಲೇ ಹೊರಬಿದ್ದಿರುತ್ತದೆ. ಬಿಡಿಭಾಗಗಳೂ ಊರೂರಿನ ಅಂಗಡಿಗೆ ತಲುಪಿರುತ್ತವೆ. ಮೊದಲ ಕಂತಿನ ಗಾಡಿಗಳನ್ನು ಕೊಳ್ಳುವವರಿಗೆ ಈ ಅನುಕೂಲ ಇರುವುದಿಲ್ಲ. 2020ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ಎರಡನೆಯ ತಲೆಮಾರಿನ ಥಾರ್‌ನ ಡೀಸೆಲ್ ಗಾಡಿಗಳಲ್ಲಿ 1,577ನ್ನು ಕಂಪನಿಯೇ 2021ರ ಫೆಬ್ರವರಿಯಲ್ಲಿ, ಎಂಜಿನ್ನಿನ ಕವಾಟಗಳನ್ನು ತೆರೆಯುವ ಕ್ಯಾಮ್‌ಶಾಫ್ಟನ್ನು ಪರಿಶೀಲಿಸಿ ಬದಲಿಸಲೆಂದು, ವಾಪಸು ಕರೆಸಿಕೊಂಡಿತ್ತು. ಇದನ್ನು ಆ ಗಾಡಿಯ ಮೇಲಿನ ದೂರು ಎಂದು ನಾನು ಎಣಿಸುವುದಿಲ್ಲ, ತಪ್ಪನ್ನು ತಾನೇ ಹಿಡಿದು ಸರಿಪಡಿಸುವ ಕಂಪನಿಯ ಮೇಲೆ ನನಗೆ ಗೌರವವೇ ಇದೆ. ಆದರೆ ಸಾಮಾನ್ಯವಾಗಿ ಯಂತ್ರಗಳಲ್ಲಿ ಮೊದಲ ದಿನಗಳ ದೋಷಗಳು ಹೆಚ್ಚು, ನಡುವಯಸ್ಸಿನಲ್ಲಿ ಕಡಿಮೆ, ಸವೆತ ಶುರುವಾದ ಮೇಲೆ ಮತ್ತೆ ಹೆಚ್ಚು. ಬಿಡುಗಡೆಯಾದ ಆರು ತಿಂಗಳಲ್ಲಿ ಕೊಳ್ಳುವವನು ತನ್ನ ದುಡ್ಡು ಕೊಟ್ಟು ನಮ್ಮಂಥ ಪರೀಕ್ಷಾ ವಿಭಾಗದವರ ಕೆಲಸವನ್ನು ಮುಂದುವರಿಸುತ್ತಾನೆ.

ಮಾರುತಿಯ ಹಳೆಯ ಜಿಪ್ಸಿಯ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 1985ರಲ್ಲಿ 970 ಸಿಸಿಯ ಪುಟ್ಟ ಎಂಜಿನ್ನಿನೊಂದಿಗೆ ಬಂದ ಆ ಗಾಡಿಯನ್ನು ಸೈನ್ಯ ಮೂರು ದಶಕ ನೆಚ್ಚಿಕೊಂಡಿತ್ತು. ಜಿಪ್ಸಿ ಕೆಡುತ್ತಿರಲಿಲ್ಲ ಎಂದು ಹೇಳುವವರು ಅದನ್ನು ಓಡಿಸಿದವರಲ್ಲ. ಕೆಟ್ಟದ್ದು ಏನೆಂದು ಬಾನೆಟ್ಟು ಎತ್ತಿದ ಕೂಡಲೇ ಕಣ್ಣಿಗೆ ಕಾಣುತ್ತಿತ್ತು, ನಾಲ್ಕು ಪಾನಾ ಇದ್ದವನು ಅದನ್ನು ಬಿಚ್ಚಿ ಜೋಡಿಸಬಲ್ಲವನಾಗಿದ್ದ. ಕಾಡುದಾರಿಯ ಗಾಡಿಯ ನಂಬಿಕೆಯಲ್ಲಿ ರಿಪೇರಿಗೆ ಹಿಡಿಯುವ ಕಾಲವೂ ಸೇರಿದೆ ಎಂಬುದನ್ನು ಷೋರೂಮಿನ ಹುಡುಗರು ಹೇಳುವುದಿಲ್ಲ. ಅದಕ್ಕಾಗಿ ನಾನು ಮಾಡಿದ ಒಂದು ಕೆಲಸವನ್ನು ಎಲ್ಲರಿಗೂ ಶಿಫಾರಸು ಮಾಡುತ್ತೇನೆ. ಮನಸ್ಸಿನಲ್ಲಿದ್ದ ಪ್ರತಿಯೊಂದು ಮಾದರಿಗೂ ಮುಂದಿನ ಚಕ್ರದ ಬೇರಿಂಗು, ಕ್ಲಚ್ ಪ್ಲೇಟು, ಮುಂದಿನ ಆಕ್ಸಲಿನ ರಬ್ಬರ್ ಬೂಟು, ಈ ಮೂರರ ಬೆಲೆ ಎಷ್ಟು, ಎಷ್ಟು ದಿನದಲ್ಲಿ ಸಿಗುತ್ತದೆ ಎಂದು ಬೆಳಗಾವಿಯ ಎರಡು ಸ್ಪೇರ್ ಅಂಗಡಿಗಳಿಗೆ ಫೋನು ಮಾಡಿ ಕೇಳಿದೆ. ಒಂದು ಮಾದರಿಗೆ ‘ಈಗಲೇ ಬನ್ನಿ’ ಎಂದರು. ಇನ್ನೊಂದಕ್ಕೆ ‘ಆರ್ಡರ್ ಹಾಕಬೇಕ್ರಿ, ಹದಿನೈದು ದಿನ ಆದೀತು’ ಎಂದರು. ಹದಿನೈದು ದಿನ ಗಾಡಿ ಅವ್ವನ ಅಂಗಳದಲ್ಲಿ ನಿಲ್ಲುವುದನ್ನು ಕಲ್ಪಿಸಿಕೊಂಡು ಆ ಹೆಸರನ್ನು ಹೊಡೆದುಹಾಕಿದೆ.

ಕೊನೆಗೆ ಸೆಕೆಂಡ್ ಹ್ಯಾಂಡ್ ಎಂದು ನಿಶ್ಚಯವಾಯಿತು, ಕಾರಣ ಹೇಳಬೇಕಿಲ್ಲ. ನೋಡಲು ಹೋಗುವಾಗ ಭೋಸರಿಯಲ್ಲಿ ಗ್ಯಾರೇಜು ಇಟ್ಟಿರುವ ಹಿರಿಯ ಮಿಸ್ತ್ರಿಯೊಬ್ಬರನ್ನು ಜೊತೆಗೆ ಕರೆದುಕೊಂಡೆ. ಗೋಕಾಕದ ಕಡೆಯವರು, ನಲವತ್ತು ವರ್ಷದ ಹಿಂದೆ ಪುಣೆಗೆ ಬಂದವರು. ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಾರೆ. ಮೊದಲ ದಿನವೇ ಅವರು, ‘ತಮ್ಮಾ, ಮಾರಾಂವ ಮ್ಯಾಲಿಂದ ಶುರು ಮಾಡ್ತಾನ, ನಾವು ಕೆಳಗಿಂದ ಶುರು ಮಾಡೋಣು’ ಎಂದರು. ನಾವು ನೋಡಿದ ಗಾಡಿಗಳ ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಅವುಗಳಲ್ಲಿ ಕಂಡ ಹುಳುಕೆಲ್ಲ ಸಾಕಿದವರದು, ಹೆತ್ತವರದಲ್ಲ.

ಮೊದಲನೆಯದು ಔಂಧದ ದೊಡ್ಡ ಸೊಸೈಟಿಯೊಂದರ ನೆಲಮಾಳಿಗೆಯಲ್ಲಿತ್ತು. ಐದು ವರ್ಷದ ಡೀಸೆಲ್ ಗಾಡಿ, ಓಡಿದ್ದು ಕೇವಲ ಹದಿನೆಂಟು ಸಾವಿರ, ಮೈಮೇಲೆ ಒಂದು ಗೀರಿಲ್ಲ. ಮಾಲೀಕರು ಹೆಮ್ಮೆಯಿಂದ, ಒಮ್ಮೆಯೂ ಮಣ್ಣಿಗೆ ಇಳಿಸಿಲ್ಲ ಎಂದರು. ಕಾಕಾ ನಾಲ್ಕೂ ಚಕ್ರಕ್ಕೆ ಎಳೆತ ಜೋಡಿಸುವ ಫೋರ್ ಬೈ ಫೋರ್ ಲಿವರನ್ನು ಹಿಡಿದು ಎಳೆದರು, ಅದು ಅಲುಗಲಿಲ್ಲ. ಎರಡೂ ಕೈ ಹಾಕಿದ ಮೇಲೆ ಕಿರ್ ಎಂದು ಒಂದು ಮನೆ ಸರಿದು, ಮತ್ತೆ ಹಿಂದಕ್ಕೆ ಬರಲು ಒಪ್ಪಲಿಲ್ಲ. ತಿಂಗಳಿಗೊಮ್ಮೆಯಾದರೂ ಕೆಲಸ ಮಾಡಬೇಕಾದ ಗೇರು, ಕೊಂಡಿ, ಸೀಲುಗಳು ಐದು ವರ್ಷ ಒಂದೇ ಭಂಗಿಯಲ್ಲಿ ಕುಳಿತರೆ ಹಿಡಿದುಕೊಳ್ಳುತ್ತವೆ. ಅನಂತರ ಡಿಪ್‌ಸ್ಟಿಕ್ ಹೊರಗೆಳೆದು ನೋಡಿದರೆ ಎಂಜಿನ್ ಆಯಿಲಿನ ಮಟ್ಟ ಮೇಲಿನ ಗೆರೆಯನ್ನೂ ದಾಟಿ ಒಂದು ಬೆರಳು ಎತ್ತರದಲ್ಲಿತ್ತು. ಆಯಿಲು ತಾನಾಗಿ ಹೆಚ್ಚುವ ವಸ್ತುವಲ್ಲವಲ್ಲ! ಕಾಕಾ ಅದನ್ನು ಮೂಗಿಗೆ ಹಿಡಿದು ನನಗೂ ಕೊಟ್ಟರು: ಡೀಸೆಲಿನ ವಾಸನೆ. 2020ರ ಏಪ್ರಿಲ್ 1ರಿಂದ ಬಂದ ಹೊಗೆ ಮಾಲಿನ್ಯದ ಬಿಎಸ್-6 ನಿಯಮದ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಸೋಸುಕ ಇರುತ್ತದೆ. ಅದು ತುಂಬಿದಾಗ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಹೊಗೆಯ ಶಾಖವನ್ನು ಆರುನೂರು ಡಿಗ್ರಿಯ ಸುಮಾರಿಗೆ ಏರಿಸಿ ಮಸಿಯನ್ನು ಸುಡಬೇಕಾಗುತ್ತದೆ. ಹೆದ್ದಾರಿಯಲ್ಲಿ ಓಡಿದರೆ ಈ ಸುಡುವಿಕೆ ಪೂರ್ಣವಾಗುತ್ತದೆ. ಮನೆಯಿಂದ ಮಗಳ ಶಾಲೆಗೆ ಎರಡು ಕಿಲೋಮೀಟರು ಹೋಗಿ ನಿಲ್ಲುವ ಗಾಡಿಯಲ್ಲಿ ಅದು ಪ್ರತಿ ಸಲವೂ ಅರ್ಧಕ್ಕೆ ನಿಂತು, ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಯಗುಂಟ ಇಳಿದು ಆಯಿಲಿಗೆ ಸೇರುತ್ತದೆ. ತೆಳುವಾದ ಆಯಿಲಿನಲ್ಲಿ ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊ ಎಷ್ಟು ದಿನ ತಿರುಗೀತು? ಕಡಿಮೆ ಓಡಿದ ಗಾಡಿಯೇ ಒಳ್ಳೆಯದೆಂದು ನಂಬಿದ್ದ ನನಗೆ ಆ ನೆಲಮಾಳಿಗೆಯಲ್ಲಿ ಬುದ್ಧಿ ಬಂತು.

ಎರಡನೆಯದರ ನಂಬರು ಎಂಎಚ್-06, ಅಂದರೆ ರಾಯಗಡ ಜಿಲ್ಲೆಯದು. ಅಲಿಬಾಗದ ಸಮುದ್ರದಂಡೆಯಲ್ಲಿ ಪ್ರವಾಸಿಗರನ್ನು ತಿರುಗಿಸಿದ ಗಾಡಿ, ಈಗ ವಾಕಡದ ಏಜೆಂಟರೊಬ್ಬರ ಕೈಯಲ್ಲಿತ್ತು. ಮೇಲೆ ಎತ್ತರಿಸಿದ ಸಸ್ಪೆನ್ಷನ್, ದಪ್ಪ ಟೈರು, ಹೊಸ ಬಂಪರು. ಕೆಳಗೆ ಹೋದರೆ ಚಾಸಿಸ್ಸಿಗೆಲ್ಲ ಹೊಚ್ಚಹೊಸ ಕಪ್ಪು ಬಳಿದಿತ್ತು. ಎಂಟು ವರ್ಷದ ಗಾಡಿಯ ಹೊಟ್ಟೆ ಅಷ್ಟು ಕಪ್ಪಗೆ ಮಿಂಚಿದರೆ ಸಂಶಯ ಬರಲೇಬೇಕು. ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿಸ್ಸನ್ನು ಬಡಿಯುತ್ತ ಹೋದೆವು. ಗಟ್ಟಿ ಉಕ್ಕು ಠಣ್ ಎನ್ನುತ್ತದೆ, ಹಿಂದಿನ ಸ್ಪ್ರಿಂಗಿನ ಬುಡದಲ್ಲಿ ಮಾತ್ರ ಒದ್ದೆ ಹಲಗೆಯನ್ನು ಬಡಿದಂತೆ ಡಬ್ ಎಂದಿತು, ಬಣ್ಣದ ಹೊಪ್ಪಳೆಯೊಂದು ಎದ್ದು ಬಂತು, ಹಿಂದೆ ತುಕ್ಕಿನ ಪದರಗಳಿದ್ದವು. ಅಷ್ಟಕ್ಕೇ ಹೊರಡಬಹುದಿತ್ತು, ಆದರೆ ಕಾಕಾ ನನಗೆ ಕಲಿಸಲೆಂದೇ ಹಿಂದಿನ ಡಿಫರೆನ್ಷಿಯಲಿನ (ಎರಡು ಪಕ್ಕದ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಗೂಡು) ಮಟ್ಟದ ಬೋಲ್ಟನ್ನು ಏಜೆಂಟರ ಒಪ್ಪಿಗೆ ಪಡೆದು ಸಡಿಲಿಸಿದರು. ಜೇನಿನ ಬಣ್ಣದಲ್ಲಿ ಇಳಿಯಬೇಕಾದ ಗೇರ್ ಆಯಿಲು ಹಾಲು ಹೆಚ್ಚಾದ ಚಹಾದಂತೆ ಬೆಳ್ಳಗೆ, ನೊರೆನೊರೆಯಾಗಿ ಬೆರಳ ಮೇಲೆ ಬಂತು. ಓಡಿ ಬಿಸಿಯಾದ ಡಿಫರೆನ್ಷಿಯಲ್ ತಣ್ಣನೆಯ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಉಸಿರಾಡುವ ಕೊಳವೆ ಮೇಲಕ್ಕಿದ್ದರೆ ಗಾಳಿ ಎಳೆದುಕೊಳ್ಳುತ್ತದೆ, ಕೊಳವೆ ಮಣ್ಣಿನಿಂದ ಕಟ್ಟಿದ್ದರೆ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಇಲ್ಲಿ ಎಳೆದುಕೊಂಡದ್ದು ಉಪ್ಪುನೀರು.

ಅದೇ ಗಾಡಿಯಲ್ಲಿ ಇನ್ನೆರಡು ಸಂಗತಿ ಕಂಡವು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದಾಗ, ಸಾಮಾನ್ಯವಾಗಿ ಯಾರೂ ಹೊರಗೆಳೆಯದ ಕೊನೆಯ ಒಂದು ಗೇಣು ಕೆಸರಿನ ಬಣ್ಣಕ್ಕೆ ತಿರುಗಿತ್ತು. ನೀರು ಗಾಡಿಯ ಒಳಗೇ ಬಂದಿತ್ತೆಂದಾಯಿತು. ಎರಡನೆಯದು ಓಡಿದ ಲೆಕ್ಕ. ದಪ್ಪ ಟೈರು ಹಾಕಿದರೆ ಮೀಟರು ಸುಳ್ಳು ಹೇಳುತ್ತದೆಂಬುದು ಅನೇಕರ ಗಮನಕ್ಕೆ ಬಂದಿರುವುದಿಲ್ಲ. ಮೀಟರು ಎಣಿಸುವುದು ಸುತ್ತುಗಳನ್ನು. ಟೈರಿನ ಸುತ್ತಳತೆ ನೂರಕ್ಕೆ ಐದರಷ್ಟು ಹೆಚ್ಚಿದ್ದರೆ ಅರವತ್ತು ಸಾವಿರ ತೋರಿಸುವ ಗಾಡಿ ನಿಜವಾಗಿ ಅರವತ್ಮೂರು ಸಾವಿರ ಓಡಿರುತ್ತದೆ, ಯಾರೂ ಮೀಟರನ್ನು ಮುಟ್ಟದೆಯೇ. ಗಾಡಿಯ ಕಂಪ್ಯೂಟರಿಗೆ ಕಾಕಾರ ಸ್ಕ್ಯಾನರು ಜೋಡಿಸಿದಾಗ ದೋಷದ ಸಂಕೇತ ಒಂದೂ ಇರಲಿಲ್ಲ, ಆದರೆ ಸಂಕೇತಗಳನ್ನು ಅಳಿಸಿದ ಮೇಲೆ ಓಡಿದ ದೂರ ಹನ್ನೊಂದು ಕಿಲೋಮೀಟರ್ ಎಂದು ತೋರಿಸಿತು, ಅಂದರೆ ಯಾರೋ ಈಚೆಗಷ್ಟೇ ಅಳಿಸಿದ್ದರು. ಏಜೆಂಟರು ಚಹಾ ತರಿಸಿದರು. ಕುಡಿದು ಬಂದೆವು.

ನಡುವೆ ಇನ್ನೂ ನಾಲ್ಕು ಗಾಡಿ ನೋಡಿದ್ದೇವೆ, ಅವುಗಳ ಬಗ್ಗೆ ವಿಶೇಷವೇನೂ ಇಲ್ಲ. ಎರಡನ್ನು ನಾವು ಬರುವ ಮೊದಲೇ ಚಾಲೂ ಮಾಡಿ ಇಟ್ಟಿದ್ದರು. ಬಾನೆಟ್ಟಿನ ಮೇಲೆ ಕೈಯಿಟ್ಟಾಗ ಬಿಸಿಯಿದ್ದರೆ ತಣ್ಣನೆಯ ಎಂಜಿನ್ನು ಹೇಗೆ ಏಳುತ್ತದೆಂಬುದನ್ನು ಬಚ್ಚಿಡುತ್ತಿದ್ದಾರೆಂದು ತಿಳಿದು ಮರುದಿನ ಬೆಳಿಗ್ಗೆ ಹೇಳದೆ ಹೋಗಬೇಕು. ನಾವು ಹೋಗಲಿಲ್ಲ.

ಮೂರನೆಯದೆಂದು ಹೇಳಬೇಕಾದದ್ದು ಸಿಕ್ಕಿದ್ದು ಭೋರಿನಲ್ಲಿ, ಭತ್ತದ ರೈತರೊಬ್ಬರ ಹತ್ತಿರ. 2017ರ ಬಿಎಸ್-4 ಡೀಸೆಲ್, ತೊಂಬತ್ತೆರಡು ಸಾವಿರ ಓಡಿದ್ದು, ಎರಡೂ ಪಕ್ಕದಲ್ಲಿ ಮುಳ್ಳುಕಂಟಿಯ ಗೀರು, ಹಿಂದಿನ ಸೀಟಿನಲ್ಲಿ ಗೊಬ್ಬರದ ಚೀಲದ ವಾಸನೆ. ನನ್ನ ಉತ್ಸಾಹ ಅಂಗಳದಲ್ಲಿಯೇ ಅರ್ಧ ಇಳಿಯಿತು. ಆ ಕಾಕಾ (ಅವರನ್ನೂ ಕಾಕಾ ಎಂದೇ ಕರೆಯಬೇಕು, ಗೊಂದಲವಾದರೆ ಕ್ಷಮೆಯಿರಲಿ) ಒಳಗಿನಿಂದ ಹಳೆಯ ಬಾಕರವಡಿಯ ಡಬ್ಬವೊಂದನ್ನು ತಂದು ಮುಂದಿಟ್ಟರು. ಅದರ ತುಂಬ ಬಿಲ್ಲುಗಳು. ಪ್ರತಿ ವರ್ಷ ಅಕ್ಟೋಬರಿನಲ್ಲಿ, ಮಳೆ ಮುಗಿದ ಕೂಡಲೇ, ಎರಡೂ ಡಿಫರೆನ್ಷಿಯಲ್ ಮತ್ತು ಎಳೆತವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನ ಆಯಿಲು ಬದಲಿಸಿದ್ದಕ್ಕೆ ಸಾಕ್ಷಿ. ಎರಡು ಸಲ ಮುಂದಿನ ಬೇರಿಂಗು, ಒಂದು ಸಲ ರೇಡಿಯೇಟರು. ಕಂಪನಿಯ ಸರ್ವಿಸ್ ಸೆಂಟರಿನ ಬಿಲ್ಲು ಮೂರು ವರ್ಷದವರೆಗೆ ಮಾತ್ರ ಇದ್ದವು, ಆಮೇಲೆಲ್ಲ ಊರಿನ ಗ್ಯಾರೇಜಿನ ಕೈಬರಹ. ನನಗೆ ಈ ಕೈಬರಹದ ಮೇಲೆಯೇ ಹೆಚ್ಚು ನಂಬಿಕೆ ಬಂತು, ಏಕೆಂದರೆ ಅವುಗಳಲ್ಲಿ ಕೆಟ್ಟದ್ದೂ ಬರೆದಿತ್ತು.

ಕೆಳಗೆ ಮಲಗಿದೆ. ಚಾಸಿಸ್ಸಿನ ಮೇಲೆ ಒಣಗಿದ ಮಣ್ಣು, ಅದರಡಿ ಕಂಪನಿಯ ಮೂಲ ಬಣ್ಣ, ಅಲ್ಲಲ್ಲಿ ತೆಳುವಾದ ಕೆಂಪು ತುಕ್ಕು. ಒಳಕ್ಕೆ ಹೋಗದ, ಉಗುರಿಗೆ ಉದುರುವ ತುಕ್ಕು. ಹಿಂದಿನ ಚಕ್ರಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿದು ತಿರುವಿದಾಗ ಕ್ರಾಸ್ ಜಾಯಿಂಟಿನಲ್ಲಿ ಟಿಕ್ ಎಂದಿತು. ಜಾಯಿಂಟು ಹೋಗಿದೆ ಎಂದು ನಾನು ಹೇಳುವ ಮೊದಲೇ ಮಾಲೀಕರು ಮರಾಠಿಯಲ್ಲಿ, ಅದು ಹೋಗಿದೆ, ಕ್ಲಚ್ಚೂ ಈ ಮಳೆಗಾಲ ದಾಟುವುದಿಲ್ಲ ಎಂದರು.

ಫೋರ್ ಬೈ ಫೋರನ್ನು ಡಾಂಬರಿನ ಮೇಲೆ ಪರೀಕ್ಷಿಸಬಾರದು. ಇಂಥ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಕ್ರಮಿಸುವ ದೂರವೂ ಹಿಂದಿನದೂ ಬೇರೆಯಾದ್ದರಿಂದ ಗಟ್ಟಿ ನೆಲದಲ್ಲಿ ಶಾಫ್ಟುಗಳು ಬಿಗಿದುಕೊಳ್ಳುತ್ತವೆ. ಹಾಗಾಗಿ ಅವರ ಹೊಲದ ದಾರಿಗೇ ಹೋದೆವು. ಲಿವರು ಎರಡು ಬೆರಳಿಗೆ ಜಾರಿತು. ಲೋ ಗೇರಿನಲ್ಲಿ, ಕಿಟಕಿ ಇಳಿಸಿ, ರೇಡಿಯೊ ಆರಿಸಿ, ಮನುಷ್ಯ ನಡೆಯುವ ವೇಗದಲ್ಲಿ ಒಂದು ದಿಬ್ಬ ಹತ್ತಿಸಿ ಇಳಿಸಿದೆ. ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಮುಂದಿನ ಆಕ್ಸಲಿನಿಂದ ಟಕಟಕ ಬರುತ್ತದೆಯೇ ಎಂದು ಕಿವಿಗೊಟ್ಟೆ. ಏನೂ ಇರಲಿಲ್ಲ. ಅಲ್ಲಿಂದ ನೀರಾ ದೇವಘರ್ ಜಲಾಶಯದ ಅಂಚಿನ ರಸ್ತೆಯಲ್ಲಿ ವರಂಧ ಘಾಟಿಗೆ ಹೋಗಿ, ಮಹಾಡದ ದಿಕ್ಕಿಗೆ ಅರ್ಧ ಇಳಿದು, ಏಸಿ ಹಾಕಿಕೊಂಡು ಅದೇ ಏರನ್ನು ಹತ್ತಿದೆವು. ಕೆಸರಿನಲ್ಲಿ ಓಡಿದ ಗಾಡಿಗಳಲ್ಲಿ ಏಸಿಯ ಜಾಲರಿಗೂ ರೇಡಿಯೇಟರಿಗೂ ನಡುವೆ ಮಣ್ಣು ಗಟ್ಟಿಯಾಗಿ ಕುಳಿತು ಗಾಳಿ ಹಾಯುವುದಿಲ್ಲ. ನಗರದಲ್ಲಿ ಗೊತ್ತಾಗದ ಈ ದೋಷ ಘಾಟಿಯಲ್ಲಿ ಹತ್ತೇ ನಿಮಿಷದಲ್ಲಿ ಹೊರಬೀಳುತ್ತದೆ. ಶಾಖದ ಮುಳ್ಳು ನಡುವಿನಿಂದ ಕದಲಲಿಲ್ಲ. ನಾಲ್ಕನೆಯ ಗೇರಿನಲ್ಲಿ ಒಮ್ಮೆಲೆ ಒತ್ತಿದಾಗ ಎಂಜಿನ್ನಿನ ಸದ್ದು ಏರಿ, ವೇಗ ಮಾತ್ರ ಅಲ್ಲಿಯೇ ಉಳಿಯಿತು. ಕ್ಲಚ್ಚಿನ ಬಗ್ಗೆ ಮಾಲೀಕರು ಹೇಳಿದ್ದು ನಿಜ.

ಜಾಯಿಂಟು, ಕ್ಲಚ್ಚು, ನಾಲ್ಕು ಟೈರು. ಟೈರಿನ ಪಕ್ಕದ ನಾಲ್ಕಂಕಿಯ ಪ್ರಕಾರ ಅವು 2018ರ ಮೂವತ್ತೊಂದನೆಯ ವಾರದವು. ಈ ಮೂರರ ಖರ್ಚನ್ನು ಭೋಸರಿಯ ಕಾಕಾ ಒಂದು ಸಿಗರೇಟ್ ಪ್ಯಾಕಿನ ಹಿಂದೆ ಬರೆದು ಕೂಡಿಸಿದರು, ಅಷ್ಟನ್ನು ಬೆಲೆಯಲ್ಲಿ ಇಳಿಸಿ ಕೊಡಲು ಮಾಲೀಕರು ಒಪ್ಪಿದರು. ಔಂಧದ ಗಾಡಿಯಲ್ಲಿ ಏನು ಕೆಡಬಹುದೆಂಬುದಕ್ಕೆ ಹೀಗೆ ಪಟ್ಟಿ ಬರೆಯಲು ಸಾಧ್ಯವಿರಲಿಲ್ಲ. ಪಟ್ಟಿ ಬರೆಯಬಹುದಾದ ಗಾಡಿಯನ್ನು ಕೊಂಡೆ.

ಜುಲೈ ಎರಡನೆಯ ವಾರದಲ್ಲಿ ಊರಿಗೆ ಹೋಗಿದ್ದೆ. ಹಳ್ಳದಲ್ಲಿ ನೀರು ಚಕ್ರದ ನಡುಮಟ್ಟದವರೆಗೆ ಇತ್ತು. ಇಳಿಯುವ ಮೊದಲು ಈಚೆ ದಡದಲ್ಲಿ ಹದಿನೈದು ನಿಮಿಷ ನಿಲ್ಲಿಸಿ ಡಿಫರೆನ್ಷಿಯಲ್ಲು ತಣಿಯಲು ಬಿಟ್ಟೆ. ಆಚೆ ದಡದಲ್ಲಿ ಅವ್ವ, ಗಾಡಿ ಕೆಟ್ಟಿತೆಂದು ತಿಳಿದು, ಟ್ರ್ಯಾಕ್ಟರಿನವನಿಗೆ ಹೇಳಿಕಳಿಸಿದ್ದಳು. ಪುಣೆಗೆ ಮರಳಿದ ಶನಿವಾರ ಕಾಕಾರ ಗ್ಯಾರೇಜಿನಲ್ಲಿ ಹಿಂದಿನ ಡಿಫರೆನ್ಷಿಯಲಿನ ಬೋಲ್ಟು ಸಡಿಲಿಸಿ ಬೆರಳು ಹಿಡಿದೆ. ಆಯಿಲು ಜೇನಿನ ಬಣ್ಣಕ್ಕೇ ಇತ್ತು. ಮುಂದಿನದರಲ್ಲಿ ಒಂದು ತೊಟ್ಟು ಮಸುಕಾಗಿ ಕಂಡಿತು. ಅದರ ಉಸಿರು ಕೊಳವೆಯನ್ನು ಎರಡು ಗೇಣು ಮೇಲಕ್ಕೆ ಎತ್ತಿ ಕಟ್ಟುವ ಕೆಲಸ ಈ ಭಾನುವಾರಕ್ಕಿದೆ.